ತಿಳಿಯಾಗುವುದೇ ತಿಳಿವು

ಕನ್ನಡದಲ್ಲಿ ‘ತಿಳಿ’ ಎಂಬ ಒಂದೇ ಮಾತು ಎರಡು ಅರ್ಥಗಳನ್ನು ಹೊತ್ತಿದೆ. ಅರಿತುಕೊಳ್ಳುವುದು ಒಂದು, ಕದಡಿಲ್ಲದ ನಿರ್ಮಲ ಸ್ಥಿತಿ ಇನ್ನೊಂದು. ಕೆಸರು ತಳಕ್ಕಿಳಿದ ನೀರು ತಿಳಿನೀರು. ಕದಡು ಅಡಗಿದ ಮನದಲ್ಲಿ ಮೂಡುವುದು ತಿಳಿವು. ಅರಿವು, ಗ್ರಹಿಕೆ, ಬೋಧ, ಪ್ರಜ್ಞೆ, ವಿವೇಕ, ಜ್ಞಾನ ಎಂಬ ಮಾತುಗಳೂ ಇದೇ ಬಳಗಕ್ಕೆ ಸೇರಿವೆ. ನಿತ್ಯದ ಮಾತಿನಲ್ಲಿ ಒಂದರ ಸ್ಥಾನದಲ್ಲಿ ಮತ್ತೊಂದು ಬಂದರೂ ಬಾಧಕವಿಲ್ಲ. ಆದರೆ ಆತ್ಮಹಿತವನ್ನು ಬಯಸುವವನು ಇವುಗಳ ನಡುವಣ ಅಂತರವನ್ನು ಅರಿಯಲೇಬೇಕು. ‘ನನಗೆಲ್ಲ ತಿಳಿದಿದೆ’ ಎಂಬ ಭಾವವೇ ಅನೇಕರ ತಿಳಿವಿಗೆ ಅಡ್ಡಗೋಡೆಯಾಗಿ ನಿಂತಿರುತ್ತದೆ.

ಪರ್ಯಾಯ ಪದಗಳ ಈ ವಿಚಾರ ಜೈನಾಗಮಕ್ಕೆ ಹೊಸದಲ್ಲ. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಮೊದಲನೆಯ ಅಧ್ಯಾಯದಲ್ಲಿ ಮತಿ, ಸ್ಮೃತಿ, ಸಂಜ್ಞೆ, ಚಿಂತೆ, ಅಭಿನಿಬೋಧ ಎಂಬ 5 ಹೆಸರುಗಳನ್ನು ಹೇಳಿ, ಇವು ಬೇರೆ ಬೇರೆ ವಸ್ತುಗಳಲ್ಲವೆಂದು ನಿರ್ಣಯಿಸಿದ್ದಾರೆ. ಕಣ್ಣೆದುರಿನದನ್ನು ಇಂದ್ರಿಯ ಮತ್ತು ಮನಸ್ಸಿನಿಂದ ಅರಿಯುವುದು ಮತಿ. ಹಿಂದೆ ಕಂಡದ್ದನ್ನು ನೆನೆಯುವುದು ಸ್ಮೃತಿ. ‘ಅಂದು ಕಂಡವನೇ ಇವನು’ ಎಂದು ಗುರುತಿಸುವುದು ಸಂಜ್ಞೆ. ಹೊಗೆಯಿರುವಲ್ಲೆಲ್ಲ ಬೆಂಕಿಯಿರುತ್ತದೆ ಎಂಬ ಸಂಬಂಧವನ್ನು ಚಿಂತಿಸಿ ಕಾಣುವುದು ಚಿಂತೆ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸಿ ನಿಶ್ಚಯಿಸುವುದು ಅಭಿನಿಬೋಧ. ರೂಪ ಐದಾದರೂ ಮೂಲ ಒಂದೇ. ಮತಿಜ್ಞಾನವನ್ನು ಮುಚ್ಚಿರುವ ಕರ್ಮದ ಕ್ಷಯೋಪಶಮದಿಂದಲೇ ಇವೆಲ್ಲವೂ ಉಂಟಾಗುತ್ತವೆ.

ಒಂದು ವಸ್ತು ತಿಳಿಯಾಗುವ ಬಗೆಯನ್ನೂ ಆಚಾರ್ಯರು 4 ಮೆಟ್ಟಿಲುಗಳಲ್ಲಿ ತೋರಿಸಿದ್ದಾರೆ. ಪೂಜ್ಯಪಾದರ ಸರ್ವಾರ್ಥಸಿದ್ಧಿಯಲ್ಲಿ ಇದಕ್ಕೊಂದು ಸುಂದರ ನಿದರ್ಶನವಿದೆ. ದೂರದಲ್ಲಿ ಏನೋ ಬೆಳ್ಳಗೆ ಕಾಣಿಸಿತು ಎಂಬಷ್ಟು ಅರಿವು ಅವಗ್ರಹ. ಅದು ಬೆಳ್ಳಕ್ಕಿಯೋ ಬಾವುಟವೋ ಎಂದು ವಿಶೇಷವನ್ನು ಅರಿಯಲು ಹವಣಿಸುವುದು ಈಹೆ. ಮೇಲೇರುವುದನ್ನೂ ಕೆಳಗಿಳಿಯುವುದನ್ನೂ ರೆಕ್ಕೆ ಬಡಿಯುವುದನ್ನೂ ಕಂಡು ಬೆಳ್ಳಕ್ಕಿಯೇ ಎಂದು ನಿಶ್ಚಯಿಸುವುದು ಅವಾಯ. ಆ ನಿಶ್ಚಯವನ್ನು ಮರೆಯದೆ ಉಳಿಸಿಕೊಳ್ಳುವುದು ಧಾರಣೆ. ಲೋಕದ ಎಷ್ಟೋ ಜಗಳಗಳು ಅವಗ್ರಹವನ್ನೇ ಅವಾಯವೆಂದು ಭ್ರಮಿಸಿದ್ದರ ಫಲ. ಬೆಳ್ಳಗೆ ಕಂಡೊಡನೆ ಬಾವುಟವೆಂದು ಸಾರುವವನಿಗೆ ಈಹೆಯ ತಾಳ್ಮೆಯಿಲ್ಲ. ನೆರೆಯವರ ಅರ್ಧ ಮಾತನ್ನು ಕೇಳಿ ಅವರ ಗುಣವನ್ನೇ ನಿರ್ಣಯಿಸುವವನೂ ಅಂಥವನೇ.

ಮತಿಯನ್ನು ಆಧರಿಸಿ ಕೇಳುವಿಕೆ, ಓದು, ಚಿಂತನೆಗಳಿಂದ ಬೆಳೆಯುವುದು ಶ್ರುತಜ್ಞಾನ. ಅದರಾಚೆಗೆ ಅವಧಿ, ಮನಃಪರ್ಯಯ, ಕೊನೆಗೆ ಸರ್ವವನ್ನೂ ಏಕಕಾಲದಲ್ಲಿ ಬೆಳಗುವ ಕೇವಲಜ್ಞಾನ. ಇವುಗಳಲ್ಲಿ ಮೊದಲ ಮೂರು, ಅಂದರೆ ಮತಿ, ಶ್ರುತ, ಅವಧಿಗಳು, ವಿಪರೀತವೂ ಆಗಬಲ್ಲವು ಎಂಬುದು ಸೂತ್ರಕಾರರ ಎಚ್ಚರಿಕೆ. ಮತಿ ಕೆಟ್ಟ ಉನ್ಮತ್ತನು ಒಮ್ಮೆ ಹೆಂಡತಿಯನ್ನು ತಾಯಿಯೆನ್ನುತ್ತಾನೆ, ಮತ್ತೊಮ್ಮೆ ತಾಯಿಯನ್ನು ಹೆಂಡತಿಯೆನ್ನುತ್ತಾನೆ. ಅವನು ತಾಯಿಯನ್ನು ತಾಯಿಯೆಂದೇ ಕರೆದಾಗಲೂ ಅದು ಸಮ್ಯಗ್ಜ್ಞಾನವಲ್ಲ. ಬಾಯಿಗೆ ಬಂದ ಮಾತು ಮಾತ್ರ. ನುಡಿ ಸರಿಯಿದ್ದ ಮಾತ್ರಕ್ಕೆ ತಿಳಿವು ಸರಿಯೆನಿಸದು. ಅದಕ್ಕೆ ಸಮ್ಯಗ್ದರ್ಶನದ ಆಸರೆ ಬೇಕು.

ಈ ಮಾತಿನ ಮರ್ಮ ಇಬ್ಬರು ಮುನಿಗಳ ಕಥೆಗಳಲ್ಲಿ ನಿಚ್ಚಳವಾಗುತ್ತದೆ. ಆಚಾರ್ಯ ಕುಂದಕುಂದರು ಭಾವಪಾಹುಡದಲ್ಲಿ ಇಬ್ಬರನ್ನೂ ಒಬ್ಬರ ಹಿಂದೊಬ್ಬರಂತೆ ಸ್ಮರಿಸಿದ್ದಾರೆ. ಭವ್ಯಸೇನನು ಅಂಗ, ಪೂರ್ವಗಳನ್ನು ಓದಿದ ಮಹಾಪಂಡಿತ. ಅವನ ಪರೀಕ್ಷೆಗೆಂದು ಕ್ಷುಲ್ಲಕನೊಬ್ಬನು ವಿದ್ಯಾಬಲದಿಂದ ದಾರಿಯ ತುಂಬ ಹಸಿರು ಮೊಳಕೆಗಳನ್ನು ತೋರಿಸಿದನು. ಆಗಮದಲ್ಲಿ ಇವನ್ನು ಜೀವಗಳೆಂದು ಹೇಳಿದೆ ಎನ್ನುತ್ತಲೇ ಭವ್ಯಸೇನನು ಅವುಗಳ ಮೇಲೆ ಕಾಲಿಟ್ಟು ನಡೆದುಹೋದನು. ಶಾಸ್ತ್ರ ನಾಲಗೆಯ ಮೇಲಿತ್ತು, ಪಾದದವರೆಗೆ ಇಳಿದಿರಲಿಲ್ಲ.

ಶಿವಭೂತಿಯ ಬಗೆಯೇ ಬೇರೆ. ಅವನ ಬುದ್ಧಿ ಮಂದ. ಹೊಟ್ಟಿನಿಂದ ಉದ್ದು ಬೇರೆಯಿರುವಂತೆ ದೇಹದಿಂದ ಆತ್ಮ ಬೇರೆ ಎಂದು ಗುರುಗಳು ತಿಳಿಹೇಳಿದ್ದೂ ಅವನಿಗೆ ನೆನಪಿನಲ್ಲಿ ನಿಲ್ಲದಾಯಿತು. ಒಂದು ದಿನ ಹೆಣ್ಣುಮಗಳೊಬ್ಬಳು ಉದ್ದಿನ ಸಿಪ್ಪೆಯನ್ನು ಬೇರ್ಪಡಿಸುತ್ತಿದ್ದುದನ್ನು ಕಂಡನು. ಆ ಕ್ಷಣದಲ್ಲಿ ಗುರುವಚನದ ಅರ್ಥ ಅವನೊಳಗೆ ಬೆಳಗಿತು. ಸಿಪ್ಪೆ ಬೇರೆ, ಕಾಳು ಬೇರೆ. ಶರೀರ ಬೇರೆ, ತಾನು ಬೇರೆ. ಆ ಭಾವದ ವಿಶುದ್ಧಿಯಲ್ಲಿಯೇ ನೆಲೆನಿಂತು ಅವನು ಕೇವಲಜ್ಞಾನಿಯಾದನು. ಸ್ಮೃತಿ ಸೋತಲ್ಲಿ ಭೇದವಿಜ್ಞಾನ ಗೆದ್ದಿತು.

ಹಾಗೆಂದ ಮಾತ್ರಕ್ಕೆ ಓದು ವ್ಯರ್ಥವೆಂದು ತಿಳಿಯಬಾರದು. ಅಂಗಶ್ರುತವು ಅಳಿದುಹೋದೀತೆಂಬ ಕಳಕಳಿಯಿಂದಲೇ ಗಿರಿನಾರಿನ ಧರಸೇನಾಚಾರ್ಯರು ಪುಷ್ಪದಂತ, ಭೂತಬಲಿ ಎಂಬ ಮುನಿಗಳಿಗೆ ಅದನ್ನು ಧಾರೆಯೆರೆದರು. ಹಾಗೆ ಮೂಡಿದ ಷಟ್ಖಂಡಾಗಮದ ನೆನಪೇ ಜ್ಯೇಷ್ಠ ಶುದ್ಧ ಪಂಚಮಿಯ ಶ್ರುತಪಂಚಮಿ. ಆ ಆಗಮವನ್ನೂ ಅದರ ಧವಲಾ ಟೀಕೆಯನ್ನೂ ಹಳಗನ್ನಡ ಲಿಪಿಯ ತಾಳೆಯೋಲೆಗಳಲ್ಲಿ ಶತಮಾನಗಳ ಕಾಲ ಕಾಪಾಡಿದ ಹಿರಿಮೆ ಮೂಡುಬಿದಿರೆಯದು. 1939ರಲ್ಲಿ ಅದರ ಮೊದಲ ಸಂಪುಟ ಅಚ್ಚಾದಾಗ ಬಸದಿಯೊಳಗಿನ ನಿಧಿ ಲೋಕಕ್ಕೆ ತೆರೆದುಕೊಂಡಿತು. ಪೂಜೆಗೊಂಡ ಗ್ರಂಥ ಓದಿಗೂ ಒದಗಿದಾಗಲೇ ಶ್ರುತಭಕ್ತಿ ಪೂರ್ಣವಾಗುತ್ತದೆ.

ಜ್ಞಾನವು ಹೊರಗಿನಿಂದ ತಂದು ತುಂಬುವ ಸರಕಲ್ಲ. ಅದು ಆತ್ಮನ ಸ್ವಭಾವ. ದೇವರ ಮುಖಕ್ಕೆ ಹೊದಿಸಿದ ವಸ್ತ್ರದಂತೆ ಜ್ಞಾನಾವರಣ ಕರ್ಮವು ಅದನ್ನು ಮರೆಮಾಡಿದೆ. ಆ ವಸ್ತ್ರವನ್ನು ನೇಯುವವರು ಯಾರು? ತಿಳಿದವರನ್ನು ಕಂಡು ಒಳಗೊಳಗೇ ಕುದಿಯುವುದು, ತಿಳಿದಿದ್ದರೂ ಇಲ್ಲವೆಂದು ಮುಚ್ಚಿಡುವುದು, ಮತ್ಸರದಿಂದ ಹೇಳಿಕೊಡದಿರುವುದು, ಕಲಿಯುವವನಿಗೆ ಅಡ್ಡಿ ಮಾಡುವುದು, ಜ್ಞಾನಕ್ಕೆ ಸಲ್ಲಬೇಕಾದ ಆದರವನ್ನು ತಡೆಯುವುದು, ಸರಿಯಾದುದನ್ನು ದೂಷಿಸುವುದು ಇವೇ ಅದರ ಆಸ್ರವಕ್ಕೆ ಕಾರಣಗಳೆಂದು ಸೂತ್ರಕಾರರು ತಿಳಿಸಿದ್ದಾರೆ. ಪಾಠ ಒಪ್ಪಿಸಲಾರದ ಮಗುವನ್ನು ದಡ್ಡನೆಂದು ಹೀಗಳೆಯುವವರು ತಮ್ಮ ಅರಿವಿನ ಮೇಲೆಯೇ ಮತ್ತೊಂದು ಪದರ ಹೊದಿಸಿಕೊಳ್ಳುತ್ತಿರುತ್ತಾರೆ.

ಮುನಿಗಳು ಸಹಿಸಬೇಕಾದ 22 ಪರೀಷಹಗಳಲ್ಲಿ ಹಸಿವು, ಬಾಯಾರಿಕೆಗಳ ಜೊತೆಗೆ ಪ್ರಜ್ಞೆ ಮತ್ತು ಅಜ್ಞಾನಗಳೂ ಸೇರಿವೆ. ತಿಳಿಯಲಿಲ್ಲವೆಂಬ ಕೊರಗು ಒಂದು ಪರೀಷಹವಾದರೆ, ತಿಳಿದೆನೆಂಬ ಬೀಗು ಇನ್ನೊಂದು. ಎರಡಕ್ಕೂ ಕಾರಣ ಜ್ಞಾನಾವರಣವೇ. ಶಿವಭೂತಿಯು ಮೊದಲನೆಯದನ್ನು ಗೆದ್ದನು. ಭವ್ಯಸೇನನು ಎರಡನೆಯದಕ್ಕೆ ಸೋತನು.

ಚಿಲ್ಲದ ಬೀಜವನ್ನು ತೇಯ್ದು ಹಾಕಿದರೆ ಕೊಡದ ನೀರಿನ ಕೆಸರು ತಳಕ್ಕಿಳಿಯುತ್ತದೆ. ಆದರೆ ಕೊಡ ಅಲುಗಿದರೆ ಅದು ಮತ್ತೆ ಮೇಲೇಳುತ್ತದೆ. ತಿಳಿಯಾದ ನೀರನ್ನು ಬೇರೊಂದು ಶುಚಿಯಾದ ಪಾತ್ರೆಗೆ ಬಸಿದುಕೊಂಡಾಗ ಕೆಸರಿನ ಸುಳಿವೇ ಇರುವುದಿಲ್ಲ. ಕರ್ಮದ ಉಪಶಮ ಮತ್ತು ಕ್ಷಯಗಳಿಗೆ ಪೂಜ್ಯಪಾದರು ಕೊಟ್ಟ ಉಪಮೆಯಿದು. ಸ್ವಾಧ್ಯಾಯವೂ ಸತ್ಸಂಗವೂ ಶ್ರಾವಕನ ಪಾಲಿನ ಚಿಲ್ಲದ ಬೀಜಗಳು. ಓದಿದ್ದೆಷ್ಟು ಎಂಬ ಲೆಕ್ಕಕ್ಕಿಂತ, ಓದಿನಿಂದ ಕೋಪ ಇಳಿಯಿತೇ, ಮಾತು ಮೃದುವಾಯಿತೇ, ಹುಲ್ಲಿನ ಮೊಳಕೆಯನ್ನು ಕಂಡಾಗ ಪಾದ ತಡೆಯಿತೇ ಎಂಬುದನ್ನು ಪ್ರತಿಯೊಬ್ಬನೂ ತನ್ನೊಳಗೆ ಕೇಳಿಕೊಳ್ಳಬೇಕು. ಪಾದ ತಡೆದವನಿಗೆ ಶಾಸ್ತ್ರ ತಿಳಿದಿದೆ. ಅವನ ಬಾಯಲ್ಲಿ ಒಂದು ಸೂತ್ರವೂ ಇಲ್ಲದಿದ್ದರೂ ಸರಿಯೇ.