ಶೇಕಡಾ ಲೆಕ್ಕದಲ್ಲಿ ವಾಪಸ್ ಬಂದ ಕೆಂಪು ಹಸು

ಫ್ರಾಂಕ್‌ಫರ್ಟ್ ಸುತ್ತಮುತ್ತ ಇರುವ ನಮ್ಮವರಲ್ಲಿ ಅನೇಕರು ಬೇಸಿಗೆಯಲ್ಲಿ ಫೋಗೆಲ್ಸ್‌ಬೆರ್ಗ್ ಕಡೆ ಒಮ್ಮೆಯಾದರೂ ಹೋಗಿರ್ತೀರಿ. ಈಶಾನ್ಯ ದಿಕ್ಕಿಗೆ ಕಾರಿನಲ್ಲಿ ಸುಮಾರು ಒಂದು ಗಂಟೆ ದಾರಿ. ಒಂದು ಕಾಲದ ಜ್ವಾಲಾಮುಖಿ, ಈಗ ಹಸಿರು ಗುಡ್ಡ. ಕಲ್ಲು ಜಾಸ್ತಿ, ಚಳಿ ಜಾಸ್ತಿ, ಬೆಳೆ ಕಡಿಮೆ. ಮುಂದಿನ ಸಲ ಹೋದಾಗ ಅಲ್ಲಿನ ಹುಲ್ಲುಗಾವಲಿನಲ್ಲಿ ಮೈಯೆಲ್ಲ ಒಂದೇ ಕೆಂಪು ಬಣ್ಣದ, ಕೊಂಬಿರುವ ಹಸುಗಳು ಕಂಡರೆ ಸ್ವಲ್ಪ ನಿಂತು ನೋಡಿ. ಬಾಲದ ಕುಚ್ಚು ಬೆಳ್ಳಗಿದ್ದು, ಕೊಂಬು ಬಿಳಿ ಆದರೆ ತುದಿ ಮಾತ್ರ ಕಪ್ಪಾಗಿದ್ದರೆ ಅದು 'ರೋಟೆಸ್ ಹೋಯೆನ್‌ಫೀ'. ಕನ್ನಡದಲ್ಲಿ ಹೇಳೋದಾದರೆ ಗುಡ್ಡದ ಕೆಂಪು ದನ. 1980ರ ಹೊತ್ತಿಗೆ ಈ ದನದ ಕಥೆ ಹೆಚ್ಚುಕಡಿಮೆ ಮುಗಿದೇ ಹೋಗಿತ್ತು. ಅದನ್ನು ವಾಪಸ್ ತಂದಿದ್ದು ಮಿಶ್ರ ಸಂಕರಣದಿಂದ, ಅಂದರೆ ಬೇರೆ ತಳಿಯ ಜೊತೆ ಬೆರೆಸಿ. ನಾನು ಪಶುವೈದ್ಯನಲ್ಲ, ಲೆಕ್ಕ ಬರೆಯೋನು. ಆದರೆ ಇದರೊಳಗೆ ಇರೋದೇ ಲೆಕ್ಕ ಆದ್ದರಿಂದ ಬರೆಯೋ ಧೈರ್ಯ ಮಾಡಿದ್ದೇನೆ.

ಮೊದಲು ಅದು ಹೋಗಿದ್ದು ಹೇಗೆ ಅಂತ ನೋಡೋಣ. ಮಧ್ಯ ಜರ್ಮನಿಯ ಗುಡ್ಡಸೀಮೆಗಳಲ್ಲಿ ಪ್ರತಿ ಪ್ರದೇಶಕ್ಕೂ ತನ್ನದೇ ಕೆಂಪು ದನ ಇತ್ತು. ಫೋಗೆಲ್ಸ್‌ಬೆರ್ಗಿನದು ಒಂದು, ಹಾರ್ಟ್ಸ್ ಬೆಟ್ಟದ್ದು ಒಂದು, ಓಡೆನ್‌ವಾಲ್ಡ್, ವಾಲ್ಡೆಕ್, ಫೋಗ್ಟ್‌ಲಾಂಡ್, ಹೀಗೆ. ಮೂರೂ ಕೆಲಸಕ್ಕೆ ಒಂದೇ ದನ: ಹಾಲು, ಮಾಂಸ, ಉಳುಮೆ. ಸಣ್ಣ ರೈತರು ಎತ್ತು ಬೇರೆ, ಹಸು ಬೇರೆ ಅಂತ ಸಾಕೋಕಾಗದೆ ಹಸುವನ್ನೇ ನೊಗಕ್ಕೆ ಕಟ್ಟುತ್ತಿದ್ದರು. ಎರಡನೇ ಮಹಾಯುದ್ಧದ ನಂತರ ಟ್ರ್ಯಾಕ್ಟರ್ ಬಂತು, ಮೂರರಲ್ಲಿ ಒಂದು ಕೆಲಸ ಹೋಯಿತು. ಹಾಲಿಗೆ ಕಪ್ಪು-ಬಿಳುಪಿನ ದನ ಬಂತು, ಇನ್ನೊಂದು ಹೋಯಿತು. ಉಳಿದ ಕೆಂಪು ದನದ ಹಾಲು ಹೆಚ್ಚಿಸೋಣ ಅಂತ ಉತ್ತರದ ಆಂಗ್ಲರ್, ಡೆನ್ಮಾರ್ಕಿನ ಕೆಂಪು ತಳಿ ಮುಂತಾದವನ್ನು ಸೇರಿಸಿದರು. ಬಣ್ಣ ಕೆಂಪಾಗೇ ಇತ್ತು, ಆದರೆ ಒಳಗಿನ ಹಳೇ ಪಾಲು ಕರಗುತ್ತಾ ಬಂತು. ಯಾರೂ ಅದನ್ನು ಕೊಲ್ಲಲಿಲ್ಲ, ಓಡಿಸಲೂ ಇಲ್ಲ. ಪ್ರತಿ ತಲೆಮಾರಿನಲ್ಲೂ ಒಬ್ಬೊಬ್ಬ ರೈತ ತನ್ನ ಮಟ್ಟಿಗೆ ಸರಿಯಾದ ಲೆಕ್ಕಾನೇ ಹಾಕಿದ.

ಉಳಿದಿದ್ದು ಎರಡು. ಒಂದು, ಅಲ್ಲಲ್ಲಿ ಮುದುಕರ ಕೊಟ್ಟಿಗೆಗಳಲ್ಲಿ ಸ್ವಲ್ಪ ಹಳೇ ರಕ್ತ ಉಳಿಸಿಕೊಂಡಿದ್ದ ಕೆಲವು ಹಸುಗಳು. ಇನ್ನೊಂದು, ಗೀಸನ್ ಊರಿನಲ್ಲಿ ಘನೀಕರಿಸಿ ಇಟ್ಟಿದ್ದ ಊವೆ ಎಂಬ ಹೋರಿಯ ವೀರ್ಯದ ನಳಿಕೆಗಳು. ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯಲ್ಲಿ ಇಟ್ಟ ವೀರ್ಯ ದಶಕಗಟ್ಟಲೆ ಕೆಡೋದಿಲ್ಲ. ಹೋರಿ ಸತ್ತು ಎಷ್ಟೋ ಕಾಲವಾದ ಮೇಲೆ ಅವನಿಗೆ ಕರುಗಳು ಹುಟ್ಟಿದವು. 1980ರ ದಶಕದ ಮಧ್ಯದಲ್ಲಿ ಕೆಲವು ಆಸಕ್ತರು ಸಂಘ ಕಟ್ಟಿಕೊಂಡು ಕೆಲಸ ಶುರು ಮಾಡಿದರು.

ಲೆಕ್ಕ ಹೀಗೆ. ಊವೆಯನ್ನು ನೂರು ಅಂತ ಇಟ್ಟುಕೊಳ್ಳಿ. ಹಳೇ ತಳಿಯ ಅಂಶವೇ ಇಲ್ಲದ ಹಸುವಿಗೆ ಅವನ ವೀರ್ಯ ಕೊಟ್ಟರೆ ಹುಟ್ಟುವ ಕರುವಿನಲ್ಲಿ ಹಳೇ ಪಾಲು 50. ಅದು ಹೆಣ್ಣಾಗಿ, ಬೆಳೆದು ಕಡಸಾಗಿ, ಬೆದೆಗೆ ಬಂದಾಗ ಮತ್ತೆ ಹಳೇ ತಳಿಯ ವೀರ್ಯವನ್ನೇ ಕೊಟ್ಟರೆ ಅದರ ಕರುವಿನಲ್ಲಿ ಸರಾಸರಿ 75. ಮುಂದಿನದರಲ್ಲಿ 87.5, ಅದರ ಮುಂದಿನದರಲ್ಲಿ 93.75. ಬಿ.ಕಾಂ. ಓದಿದವರಿಗೆ ಇದು ತಕ್ಷಣ ಗುರುತು ಸಿಗಬೇಕು. ನಾವು ಯಂತ್ರಗಳ ಮೇಲೆ ಸವಕಳಿ ಹಾಕುತ್ತಿದ್ದ ಡಬ್ಲ್ಯುಡಿವಿ ಪದ್ಧತಿಯೇ ಇದು, ದರ ಮಾತ್ರ ಶೇ. 50. ಹೊರಗಿನ ತಳಿಯ ಪಾಲು 100, 50, 25, 12.5, 6.25 ಅಂತ ಇಳಿಯುತ್ತಾ ಹೋಗುತ್ತೆ, ಯಾವತ್ತೂ ಸೊನ್ನೆ ಮುಟ್ಟಲ್ಲ. ಇಲ್ಲಿ ಒಂದು ಹೆಜ್ಜೆ ಅಂದರೆ ಒಂದು ವರ್ಷ ಅಲ್ಲ, ಸುಮಾರು ಮೂರು ವರ್ಷ. ಅರ್ಧಕ್ಕರ್ಧ ಕರು ಗಂಡು ಬೇರೆ. ನಾಲ್ಕು ಹೆಜ್ಜೆ ಇಡೋದರಲ್ಲಿ ಹನ್ನೆರಡು ವರ್ಷ ಹೋಗುತ್ತೆ.

ಇಷ್ಟೇ ಆಗಿದ್ದರೆ ಸುಲಭವಿತ್ತು. ಆದರೆ ಇಲ್ಲಿ ಎರಡನೇ ಕಾಲಂ ಒಂದಿದೆ. ಪ್ರತಿ ಹೆಜ್ಜೆಯಲ್ಲೂ ಊವೆಯನ್ನೇ ಬಳಸಿದರೆ ಎರಡನೇ ಹೆಜ್ಜೆಯಲ್ಲಿ ಅದು ಅಪ್ಪ-ಮಗಳ ಕೂಡಿಕೆ. ಅದರಿಂದ ಹುಟ್ಟುವ ಕರುವಿನ ಒಳಸಂತಾನದ ಪ್ರಮಾಣ ಶೇ. 25. ಮೂರನೇ ಹೆಜ್ಜೆಯಲ್ಲೂ ಅದೇ ಹೋರಿ ಅಂದರೆ ಶೇ. 37.5. ಶುದ್ಧತೆಯ ಕಾಲಂ ಏರಿದಂತೆ ಈ ಕಾಲಂ ಕೂಡ ಏರುತ್ತೆ. ಗರ್ಭ ನಿಲ್ಲದಿರೋದು, ಬಲಹೀನ ಕರು, ಮರೆಯಲ್ಲಿದ್ದ ದೋಷಗಳು ಹೊರಬರೋದು ಎಲ್ಲ ಇದರ ಹಿಂದೆಯೇ ಬರುತ್ತವೆ. ಶುದ್ಧತೆ ಒಂದನ್ನೇ ಹಿಡಿದು ಹೊರಟರೆ ಕೊನೆಗೆ ಸಿಗೋದು ನೋಡೋಕೆ ಸರಿ, ಬದುಕೋಕೆ ಕಷ್ಟ ಅನ್ನುವಂಥ ದನ.

ಆದ್ದರಿಂದ ಅವರು ಮಾಡಿದ್ದು ನನಗೆ ಬಹಳ ಬುದ್ಧಿವಂತಿಕೆ ಅನ್ನಿಸಿತು. ಫೋಗೆಲ್ಸ್‌ಬೆರ್ಗಿನದು ಬೇರೆ, ಹಾರ್ಟ್ಸಿನದು ಬೇರೆ ಅಂತ ಹಟ ಹಿಡಿದು ಕೂರಲಿಲ್ಲ. ಎಲ್ಲಾ ಗುಡ್ಡಗಳಲ್ಲಿ ಉಳಿದಿದ್ದ ಚೂರುಪಾರನ್ನು ಒಂದೇ ವಂಶಾವಳಿ ಪುಸ್ತಕಕ್ಕೆ ತಂದರು. ನಷ್ಟದಲ್ಲಿದ್ದ ಸಣ್ಣಸಣ್ಣ ಕಂಪನಿಗಳನ್ನು ವಿಲೀನ ಮಾಡಿ ಒಂದು ಬ್ಯಾಲೆನ್ಸ್ ಶೀಟ್ ಮಾಡಿದ ಹಾಗೆ. ಇದರಲ್ಲಿ ನಷ್ಟವೂ ಇದೆ, ಮುಚ್ಚಿಡಬೇಕಿಲ್ಲ. ಹಳೇ ಫೋಗೆಲ್ಸ್‌ಬೆರ್ಗ್ ದನ ಅಂತ ಪ್ರತ್ಯೇಕವಾಗಿ ಇದ್ದದ್ದು ಹೋಯಿತು. ಇವತ್ತು ಅಲ್ಲಿ ಮೇಯುತ್ತಿರೋದು ಅದರ ದೊಡ್ಡ ಪಾಲುದಾರ, ಅಷ್ಟೆ.

ಇದೇ ಜರ್ಮನಿಯಲ್ಲಿ ಇನ್ನೊಂದು ಪ್ರಯತ್ನ ನಡೆದಿತ್ತು, ಹೋಲಿಸಿ ನೋಡಬೇಕು. ಯುರೋಪಿನ ಕಾಡುದನ ಔರಾಕ್ಸ್ 1627ರಲ್ಲಿ ಪೋಲೆಂಡಿನಲ್ಲಿ ಕೊನೆಯಾಯಿತು. 1920ರ ದಶಕದಲ್ಲಿ ಬರ್ಲಿನ್ ಮೃಗಾಲಯದ ಲುಟ್ಸ್ ಹೆಕ್, ಮ್ಯೂನಿಕ್ ಮೃಗಾಲಯದ ಹೈನ್ಸ್ ಹೆಕ್ ಎಂಬ ಅಣ್ಣತಮ್ಮಂದಿರು ಬೇರೆಬೇರೆ ಊರದನಗಳನ್ನು ಬೆರೆಸಿ ಅದನ್ನು ಮತ್ತೆ ಹುಟ್ಟಿಸಿದೆವು ಅಂದರು. ಡ್ಯೂಸೆಲ್‌ಡಾರ್ಫ್ ಪಕ್ಕದ ನಿಯಾಂಡರ್ ಕಣಿವೆಯಲ್ಲಿ ಆ ಹೆಕ್ ದನಗಳನ್ನು ಈಗಲೂ ನೋಡಬಹುದು, ಮಕ್ಕಳನ್ನು ಕರೆದುಕೊಂಡು ಹೋಗೋಕೆ ಒಳ್ಳೇ ಜಾಗ. ಆದರೆ ಅವರ ಕೈಯಲ್ಲಿ ಮೂಲ ಪ್ರಾಣಿಯ ವೀರ್ಯವಾಗಲಿ, ಪುಸ್ತಕವಾಗಲಿ ಇರಲಿಲ್ಲ. ಇದ್ದದ್ದು ಚಿತ್ರ, ಮೂಳೆ, ಹಳೇ ಬರಹ. ಹೊರನೋಟ ನೋಡಿ ಆರಿಸಿದರು. ನನ್ನ ಭಾಷೆಯಲ್ಲಿ ಹೇಳಬೇಕಂದರೆ, ವೋಚರ್ ಇಲ್ಲದೆ ಬರೆದ ಲೆಡ್ಜರ್. ಗುಡ್ಡದ ಕೆಂಪು ದನಕ್ಕೆ ಕಡಿಮೆ ಆದರೂ ವೋಚರ್ ಇತ್ತು.

ಸರಿ, ದನ ಬಂತು. ಅದನ್ನು ಸಾಕೋರು ಯಾರು? ಹಾಲಿನಲ್ಲಿ ಅದು ಹೋಲ್‌ಸ್ಟೈನ್ ಜೊತೆ ಪೈಪೋಟಿ ಮಾಡಲ್ಲ. ಹಾಗಾಗಿ ಹೆಚ್ಚಿನ ಕಡೆ ಹಾಲು ಕರೆಯೋದೇ ಇಲ್ಲ, ಕರುವಿಗೇ ಬಿಡುತ್ತಾರೆ. ಮೂರು ಆದಾಯ ಸೇರಿಸಿ ಲೆಕ್ಕ ತೂಗಿಸಿದ್ದಾರೆ: ಮಾಂಸವನ್ನು ಆ ಪ್ರದೇಶದ ವಿಶೇಷ ಅಂತ ಸ್ವಲ್ಪ ಹೆಚ್ಚಿನ ಬೆಲೆಗೆ ಮಾರೋದು, ಅಳಿವಿನಂಚಿನ ತಳಿ ಸಾಕೋರಿಗೆ ರಾಜ್ಯ ಸರ್ಕಾರಗಳು ಕೊಡುವ ಸಹಾಯಧನ, ಮತ್ತು ಕಡಿದಾದ ಹುಲ್ಲುಗಾವಲಿನಲ್ಲಿ ಪೊದೆ ಬೆಳೆಯದಂತೆ ಮೇಯಿಸೋ ಕೆಲಸ. ಹಳೇ ತಳಿಗಳ ರಕ್ಷಣೆಯ ಜರ್ಮನ್ ಸಂಸ್ಥೆ 1997ರಲ್ಲಿ ಇದನ್ನು ವರ್ಷದ ಅಪಾಯದ ತಳಿ ಅಂತ ಘೋಷಿಸಿ ಜನರ ಗಮನ ಸೆಳೆಯಿತು. ಮಾಂಸ ತಿನ್ನದ ನಮ್ಮ ಓದುಗರಿಗೆ ಇದು ಹಿಡಿಸದಿರಬಹುದು. ಆದರೆ ತಿನ್ನೋರು ಇರೋದರಿಂದಲೇ ಆ ದನ ಇದೆ ಅನ್ನೋದು ಅಲ್ಲಿನ ವಾಸ್ತವ.

ಈಗ ನಮ್ಮ ಊರಿನ ಮಾತು. ಡೆನ್ಮಾರ್ಕಿನ ಕೆಂಪು ದನ ಅಂದೆನಲ್ಲ, ಅದು ಬೆಂಗಳೂರಿಗೂ ಬಂದಿತ್ತು. ಹೆಸರಘಟ್ಟದ ಇಂಡೋ-ಡ್ಯಾನಿಶ್ ಯೋಜನೆ ಹಿರಿಯರಿಗೆ ನೆನಪಿರಬಹುದು. ಅದಾದ ಮೇಲೆ ಎಚ್.ಎಫ್., ಜರ್ಸಿ ವೀರ್ಯ ಹಳ್ಳಿಹಳ್ಳಿಗೂ ತಲುಪಿತು. ಅದೇ 50, 75, 87.5ರ ಏಣಿ. ಗುಡ್ಡದ ದನವನ್ನು ಮೇಲಕ್ಕೆ ಹತ್ತಿಸಿದ ಏಣಿಯಲ್ಲೇ ನಮ್ಮ ನಾಟಿ ಹಸು ಕೆಳಗೆ ಇಳಿಯಿತು. ಸೀಮೆಹಸುವಿನ ಹಾಲಿನ ದುಡ್ಡಲ್ಲಿ ಓದಿದವರು ನಮ್ಮಲ್ಲಿ ಬಹಳ ಜನ ಇದ್ದೇವೆ, ನಾನೂ ಒಬ್ಬ, ಆದ್ದರಿಂದ ಬೈಯೋಕೆ ನನಗೆ ಬಾಯಿ ಬರಲ್ಲ. ಆದರೆ 2019ರ ಜಾನುವಾರು ಗಣತಿ ನೋಡಿ: 2012ಕ್ಕೆ ಹೋಲಿಸಿದರೆ ದೇಶದಲ್ಲಿ ವಿದೇಶಿ ಮತ್ತು ಮಿಶ್ರತಳಿ ದನ ಸುಮಾರು ಶೇ. 27 ಹೆಚ್ಚಿದೆ, ದೇಸಿ ದನ ಶೇ. 6 ಇಳಿದಿದೆ. ಉಳಿದ ದೇಸಿಯಲ್ಲೂ ಹೆಚ್ಚಿನದು ಯಾವ ತಳಿಗೂ ಸೇರದ್ದು, ಅಂದರೆ ಪುಸ್ತಕ ಇಲ್ಲದ್ದು.

ನಮ್ಮಲ್ಲಿ ಕೃಷ್ಣಾ ಕಣಿವೆ ತಳಿಯ ಕಥೆ ಇನ್ನೂ ಸ್ವಾರಸ್ಯ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಎರೆಮಣ್ಣಿನ ಉಳುಮೆಗೆ ಬಲವಾದ ಎತ್ತು ಬೇಕು ಅಂತ 19ನೇ ಶತಮಾನದ ಕೊನೆಯಲ್ಲಿ ಆ ಸೀಮೆಯ ಸಂಸ್ಥಾನಿಕರು ಗಿರ್, ಓಂಗೋಲ್, ಕಾಂಕ್ರೇಜ್ ಮತ್ತು ಮೈಸೂರು ಕಡೆಯ ದನ ಬೆರೆಸಿ ಮಾಡಿದ ತಳಿ ಅದು. ಬೆರಕೆಯಿಂದಲೇ ಹುಟ್ಟಿದ್ದು ಈಗ ಬಹಳ ಕಡಿಮೆ ಉಳಿದಿದೆ. ಮಿಶ್ರತಳಿ ಅಂದ ಕೂಡಲೇ ಮೂಗು ಮುರಿಯೋರು ಇದನ್ನು ಯಾವ ಕಡೆ ಸೇರಿಸ್ತಾರೋ ನೋಡಬೇಕು. ಹಳ್ಳಿಕಾರ್, ಅಜ್ಜಂಪುರದ ಅಮೃತಮಹಲ್, ಮಲೆನಾಡು ಗಿಡ್ಡ ಇನ್ನೂ ಕಣ್ಣೆದುರಿಗಿವೆ. ಇವಕ್ಕೆ ಊವೆಯಂಥ ಒಂಟಿ ಹೋರಿಯನ್ನು ಹುಡುಕೋ ಗತಿ ಬಂದಿಲ್ಲ.

ನಮ್ಮದು ತುಮಕೂರು ಕಡೆ. ಮನೆಯಲ್ಲಿ ಮೂರು ಸೀಮೆಹಸು, ಒಂದು ಹಳ್ಳಿಕಾರ್ ಕಡಸು. ಕಡಸು ಬೆದೆಗೆ ಬಂದಾಗ ತಮ್ಮನಿಗೆ ಫೋನ್ ಮಾಡಿ, ಹಳ್ಳಿಕಾರ್ ವೀರ್ಯವನ್ನೇ ಹಾಕಿಸು ಅಂದೆ. ಡಾಕ್ಟರ ಡಬ್ಬಿಯಲ್ಲಿ ಆವತ್ತು ಎಚ್.ಎಫ್., ಜರ್ಸಿ ಎರಡೇ ಇತ್ತಂತೆ. "ಅಣ್ಣಾ, ಇನ್ನು ಇಪ್ಪತ್ತೊಂದು ದಿನ ಕಾಯಬೇಕು. ಕಾದರೂ ಇದು ಕೊಡೋದು ಎರಡು ಲೀಟರ್, ಡೈರಿಗೆ ಏನು ಹಾಕ್ಲಿ?" ಅಂದ. ಅವನ ಮಾತು ಸರಿ. ಮೂರು ಸೀಮೆಹಸುವಿನ ಹಾಲು ಡೈರಿಗೆ, ಇದರ ಮೇವು ಹಿಂಡಿಯ ಖರ್ಚು ನನ್ನದು ಅಂತ ಒಪ್ಪಂದ ಆಯಿತು. ತಿಂಗಳಿಗೆ ಅದು ಇಲ್ಲಿ ನಾವಿಬ್ಬರು ಒಂದು ಸಲ ಹೋಟೆಲಿಗೆ ಹೋಗಿಬರೋ ದುಡ್ಡು. ವೀರ್ಯದ ನಳಿಕೆಯ ನಂಬರು, ದಿನಾಂಕ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡೋಕೂ ಹೇಳಿದ್ದೇನೆ. ಬರೆದು ಫೋಟೋ ಕಳಿಸಿದ. ಕಡಸಿಗೆ ಈಗ ಐದು ತಿಂಗಳು.