ಚೀಟಿ ಓದುವವರು

ಮೆಡಿಕಲ್ ಶಾಪಿನಲ್ಲಿ ಚೀಟಿ ಕೊಟ್ಟ ಮೇಲೆ ಒಳಗಿನವರು ಅದನ್ನು ಕೈಯಲ್ಲಿ ಹಿಡಿದು ಅರೆಗಳಿಗೆ ಸುಮ್ಮನೆ ನಿಂತರೆ ನಮಗೆ ಸಹನೆ ಕೆಡುತ್ತದೆ. ಸಂಜೆ ಹೊತ್ತು, ಹಾನಗಲ್ಲಿನಿಂದ ಹಳ್ಳಿಗೆ ಹೋಗುವ ಬಸ್ಸು ಹೊರಡುವುದರಲ್ಲಿದ್ದರಂತೂ ಮುಗಿಯಿತು: ‘ಲಗೂನ ಕೊಡ್ರಿ ಅಣ್ಣಾರ, ಬಸ್ ಹೋಗತೈತಿ.’ ಔಷಧ ಕೊಡುವ ಕಸುಬಿನ ತಿರುಳೆಲ್ಲ ಇರುವುದು ಆ ಅರೆಗಳಿಗೆಯಲ್ಲೇ. ಬರೆದವರು ಎಲುಬಿನ ಡಾಕ್ಟರೋ ಮಕ್ಕಳ ಡಾಕ್ಟರೋ? ಗುಳಿಗೆ ಯಾರಿಗೆ, ಎದುರಿಗೆ ನಿಂತವರಿಗೋ ಮನೆಯಲ್ಲಿರುವ ಮುದುಕಿಗೋ? ಬರೆದಿರುವ ಪ್ರಮಾಣ ಆ ವಯಸ್ಸಿಗೆ ಒಪ್ಪುತ್ತದೆಯೇ? ಬಲ್ಲ ಫಾರ್ಮಾಸಿಸ್ಟ್ ಕಪಾಟಿನತ್ತ ಕೈ ಚಾಚುವ ಮೊದಲು ಇಷ್ಟನ್ನೂ ತಾಳೆ ನೋಡಿರುತ್ತಾರೆ.

ಹಾವೇರಿ ಜಿಲ್ಲೆಯ ತಾಲ್ಲೂಕುಗಳಲ್ಲಿ ಆ ತಾಳೆಗೆ ಬೆಲೆ ಹೆಚ್ಚು. ದೊಡ್ಡ ಕಾಯಿಲೆ ಬಂದರೆ ಶಿಗ್ಗಾಂವಿ, ಸವಣೂರಿನವರು ಹುಬ್ಬಳ್ಳಿಯ ದಾರಿ ಹಿಡಿಯುತ್ತಾರೆ. ಹಿರೇಕೆರೂರಿನ ಕಡೆಯವರು ದಾವಣಗೆರೆಗೋ ಶಿವಮೊಗ್ಗಕ್ಕೋ ಹೋಗುತ್ತಾರೆ. ತಿಂಗಳ ಗುಳಿಗೆ ಮುಗಿದಾಗ ಅದೇ ಚೀಟಿ, ಮಡಿಕೆ ಬಿದ್ದು ಬೆವರಿಗೆ ಶಾಯಿ ಹರಡಿದ ಚೀಟಿ, ಊರಿನ ಅಂಗಡಿಗೆ ಬರುತ್ತದೆ. ಬರೆದವರು ದೂರದಲ್ಲಿದ್ದಾರೆ. ಗುಳಿಗೆ ಬಾಯಿಗೆ ಬೀಳುವ ಮೊದಲು ಅದನ್ನು ಓದಬಲ್ಲ ಕಡೆಯ ಕಣ್ಣು ಅಂಗಡಿಯವರದು.

2025ರ ಜನವರಿ 14ರಂದು ಹಾನಗಲ್ ತಾಲ್ಲೂಕಿನ ಆಡೂರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಏಳು ವರ್ಷದ ಹುಡುಗನ ಕೆನ್ನೆಯ ಗಾಯಕ್ಕೆ ಹೊಲಿಗೆಯ ಬದಲು ಫೆವಿಕ್ವಿಕ್ ಹಚ್ಚಿದ ಸುದ್ದಿ ನಾಡೆಲ್ಲ ಹಬ್ಬಿತು. ಪಾಲಕರು ವಿಡಿಯೊ ಮಾಡಿಕೊಂಡರು. ಶುಶ್ರೂಷಕಿಗೆ ಮೊದಲು ವರ್ಗಾವಣೆ, ಆಮೇಲೆ ಅಮಾನತು ಆಯಿತು. ಅಲ್ಲಿ ತಪ್ಪು ಕಣ್ಣಿಗೆ ಕಾಣುತ್ತಿತ್ತು. ಗುಳಿಗೆ ಬದಲಾದರೆ ಏನೂ ಕಾಣುವುದಿಲ್ಲ. ಸಕ್ಕರೆ ಕಾಯಿಲೆ ಇಲ್ಲದವರು ಆ ಕಾಯಿಲೆಯ ಗುಳಿಗೆ ನುಂಗಿ ಎಚ್ಚರ ತಪ್ಪಿದರೆ ಮನೆಯವರು ‘ಜ್ವರ ತಲಿಗೆ ಏರೇತಿ’ ಅಂದುಕೊಳ್ಳುತ್ತಾರೆ.

ಇಂಗ್ಲೆಂಡಿನ ಒಂದು ಪ್ರಕರಣದಲ್ಲಿ ನಡೆದದ್ದೂ ಇದೇ. ಎದೆಯ ಸೋಂಕಿಗೆಂದು ವೈದ್ಯರು ‘ಅಮಾಕ್ಸಿಲ್’ ಎಂಬ ಆ್ಯಂಟಿಬಯೋಟಿಕ್ ಬರೆದಿದ್ದರು. ಅಕ್ಷರ ಕೆಟ್ಟದಾಗಿತ್ತು. ಔಷಧ ಕೊಡುವವರು ಅದನ್ನು ಸಕ್ಕರೆ ಇಳಿಸುವ ‘ಡಯೋನಿಲ್’ ಎಂದು ಓದಿ ಕೊಟ್ಟರು. ರೋಗಿಯ ಮಿದುಳಿಗೆ ಮತ್ತೆ ಸರಿಹೋಗದಂಥ ಹಾನಿಯಾಯಿತು. 1989ರಲ್ಲಿ ಮೇಲ್ಮನವಿ ನ್ಯಾಯಾಲಯ ಹೊಣೆಯಲ್ಲಿ ಶೇ 25ನ್ನು ವೈದ್ಯರ ಮೇಲೂ ಶೇ 75ನ್ನು ಔಷಧ ಕೊಟ್ಟವರ ಮೇಲೂ ಹೊರಿಸಿದ್ದನ್ನು ಎತ್ತಿಹಿಡಿಯಿತು. ಗೀಚಿ ಬರೆದವರಿಗಿಂತ ಓದಿದವರಿಗೆ ಮೂರು ಪಾಲು ಏಕೆ? ಚೀಟಿಯಲ್ಲೇ ಸುಳಿವುಗಳಿದ್ದವು. ಬರೆದದ್ದು 250 ಮಿಲಿಗ್ರಾಂ. ಡಯೋನಿಲ್ ಬರುವುದು 5 ಮಿಲಿಗ್ರಾಂ ಲೆಕ್ಕದಲ್ಲಿ. ದಿನಕ್ಕೆ ಮೂರು ಸಲ, ಒಟ್ಟು 21 ಎಂದಿತ್ತು; ಸಕ್ಕರೆ ಗುಳಿಗೆಯನ್ನು ಹಾಗೆ ಒಂದು ವಾರಕ್ಕೆಂದು ಯಾರೂ ಬರೆಯುವುದಿಲ್ಲ. ಮೇಲಾಗಿ ಅಲ್ಲಿ ಸಕ್ಕರೆ ಕಾಯಿಲೆಯವರಿಗೆ ಔಷಧ ಉಚಿತ. ಈ ರೋಗಿ ದುಡ್ಡು ಕೊಟ್ಟಿದ್ದರು. ಹೆಸರೊಂದನ್ನೇ ಓದಿದರೆ ಕಣ್ಣು ಮೋಸ ಹೋಗುತ್ತದೆ, ಜೊತೆಗಿರುವ ಅಂಕಿ ಅದನ್ನು ಹಿಡಿದುಕೊಡುತ್ತದೆ. ನನ್ನ ಮಟ್ಟಿಗೆ ಈ ಕಸುಬಿನ ಮೊದಲ ಪಾಠ ಈ ತೀರ್ಪಿನಲ್ಲೇ ಇದೆ.

ಹೆಸರುಗಳ ಗೋಜಲು ನಮ್ಮಲ್ಲೂ ಸುಪ್ರೀಂ ಕೋರ್ಟಿನವರೆಗೆ ಹೋಗಿದೆ. ‘ಫಾಲ್ಸಿಗೊ’, ‘ಫಾಲ್ಸಿಟ್ಯಾಬ್’ ಎರಡೂ ಮಲೇರಿಯಾ ಔಷಧಗಳೇ, ಆದರೆ ಒಳಗಿರುವುದು ಬೇರೆ ಬೇರೆ. ಈ ಹೆಸರುಗಳಿಗಾಗಿ ಔಷಧ ಕಂಪನಿಗಳ ನಡುವೆ ನಡೆದ 2001ರ ಕ್ಯಾಡಿಲಾ ಪ್ರಕರಣದಲ್ಲಿ ನ್ಯಾಯಾಲಯ, ಬೇರೆ ಸರಕಿನ ಹೆಸರು ಹೋಲುವುದಕ್ಕಿಂತ ಔಷಧದ ಹೆಸರು ಹೋಲುವುದನ್ನು ಹೆಚ್ಚು ಕಟ್ಟುನಿಟ್ಟಾಗಿ ನೋಡಬೇಕು ಎಂದಿತು. ಹಾಗೆಂದು ಹೆಸರುಗಳು ಹೋಲುವುದು ನಿಂತಿಲ್ಲ. ಅದಕ್ಕೇ ಜಾಣ ಅಂಗಡಿಯವರು ಒಂದೇ ತರಹ ಕಾಣುವ, ಕೇಳಿಸುವ ಔಷಧಗಳನ್ನು ಒಂದೇ ಖಾನೆಯಲ್ಲಿ ಇಡುವುದಿಲ್ಲ.

ಕೊಡುವಾಗಿನ ಕೆಲಸ ಇನ್ನೂ ಸೂಕ್ಷ್ಮ. ಸಂಧಿವಾತಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ನೋಡಿ. ಅದನ್ನು ತೆಗೆದುಕೊಳ್ಳುವುದು ವಾರಕ್ಕೊಮ್ಮೆ. ದಿನಾ ನುಂಗಿದರೆ ಬಾಯಿ ಹುಣ್ಣಾಗಿ, ಮೂಳೆಯೊಳಗೆ ರಕ್ತ ಹುಟ್ಟುವುದು ಕುಂದಿ, ಜೀವಕ್ಕೇ ಕುತ್ತು. ಜೊತೆಗೆ ಬರೆಯುವ ಫೋಲಿಕ್ ಆ್ಯಸಿಡ್ ಕೂಡ ಸಾಮಾನ್ಯವಾಗಿ ಅಂಥದೇ ಸಣ್ಣ ಹಳದಿ ಗುಳಿಗೆ. ಇಲ್ಲಿ ಒಳ್ಳೆಯ ಫಾರ್ಮಾಸಿಸ್ಟ್ ಎರಡನ್ನೂ ಬೇರೆ ಬೇರೆ ಕವರಿನಲ್ಲಿ ಹಾಕಿ, ಒಂದರ ಮೇಲೆ ‘ಸೋಮವಾರ ಮಾತ್ರ’ ಎಂದು ದಪ್ಪಗೆ ಬರೆದು, ಅಷ್ಟಕ್ಕೇ ಬಿಡದೆ ಮಾತಿಗೆಳೆಯುತ್ತಾರೆ:

‘ಯವ್ವಾ, ಇದು ಸೋಮವಾರ ಅಷ್ಟ. ಯಾವಾಗ ತಗೋತಿ, ಹೇಳು ನೋಡೂಣು?’

‘ಸೋಮವಾರ.’

‘ಬುಧವಾರ ಕೀಲು ಭಾಳ ನೋವಾತು ಅಂದ್ರ?’

ಈ ಎರಡನೇ ಪ್ರಶ್ನೆ ನನಗೆ ಬಹಳ ಇಷ್ಟ. ಮೊದಲನೆಯದಕ್ಕೆ ಗಿಣಿಪಾಠ ಒಪ್ಪಿಸಿ ಪಾರಾಗಬಹುದು, ಎರಡನೆಯದಕ್ಕೆ ತಿಳಿದೇ ಹೇಳಬೇಕು. ಸವಣೂರಿನಲ್ಲಿ ಇದೇ ಮಾತು ಉರ್ದುವಿನಲ್ಲೂ ನಡೆಯಬೇಕಾಗುತ್ತದೆ, ತಾಂಡಾದಿಂದ ಬಂದವರೊಂದಿಗೆ ಲಂಬಾಣಿಯಲ್ಲೂ. ಓದು ಬಾರದವರ ಕವರಿನ ಮೇಲೆ ಸೂರ್ಯ, ಚಂದ್ರ ಬರೆದು ಕೊಡುವುದು, ಅವಧಿ ಮುಗಿಯುವ ತಾರೀಕು ಉಳಿಯುವಂತೆ ಸ್ಟ್ರಿಪ್ಪನ್ನು ಇನ್ನೊಂದು ತುದಿಯಿಂದ ಕತ್ತರಿಸುವುದು, ಇವೂ ಕೈಗೆ ಬರಲು ದಿನ ಹಿಡಿಯುವ ಕೌಶಲಗಳೇ.

ಮಕ್ಕಳ ಔಷಧದಲ್ಲಿ ಇನ್ನೊಂದು ಬಲೆಯಿದೆ. ಜ್ವರದ ಪ್ಯಾರಾಸಿಟಮಾಲ್ ಹನಿಯ ರೂಪದಲ್ಲಿ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 100 ಮಿಲಿಗ್ರಾಂ ಇರುತ್ತದೆ. ಸಿರಪ್ಪಿನಲ್ಲಿ ಐದು ಮಿಲಿಲೀಟರಿಗೆ 125 ಅಥವಾ 250. ಸಿರಪ್ಪಿನ ಅಳತೆಯಲ್ಲಿ ಹನಿ ಔಷಧವನ್ನು ಐದು ಮಿಲಿಲೀಟರು ಕುಡಿಸಿದರೆ 125ರ ಜಾಗದಲ್ಲಿ 500 ಮಿಲಿಗ್ರಾಂ ಕೂಸಿನ ಹೊಟ್ಟೆ ಸೇರುತ್ತದೆ. ಆದ್ದರಿಂದ ಬಲ್ಲ ಫಾರ್ಮಾಸಿಸ್ಟ್ ಕೂಸಿನ ತೂಕ ಕೇಳಿ, ಅಳತೆ ಮುಚ್ಚಳದ ಮೇಲೆ ಉಗುರಿನಿಂದ ಗೆರೆ ತೋರಿಸಿ, ‘ಮನಿ ಚಮಚ ಬ್ಯಾಡ್ರಿ’ ಎನ್ನುತ್ತಾರೆ.

ಇನ್ಸುಲಿನ್ನಿನ ಸಿರಿಂಜಿಗೂ ಇಂಥದೇ ಲೆಕ್ಕ. ಕೆಂಪು ಮುಚ್ಚಳದ ಸಿರಿಂಜು ಮಿಲಿಲೀಟರಿಗೆ 40 ಯೂನಿಟ್ಟಿನ ಬಾಟಲಿಗೆ, ಕಿತ್ತಳೆ ಮುಚ್ಚಳದ್ದು 100ರ ಬಾಟಲಿಗೆ. 100ರ ಔಷಧವನ್ನು ಕೆಂಪು ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಹೆಚ್ಚು ಮೈಗೆ ಹೋಗುತ್ತದೆ. ಫ್ರಿಜ್ ಇಲ್ಲದ ಮನೆಯವರಿಗೆ ಮಣ್ಣಿನ ಮಡಕೆಯ ತಂಪಿನಲ್ಲಿ ಬಾಟಲಿ ಇಡುವ ಬಗೆಯನ್ನೂ ಹೇಳಿಕೊಡಬೇಕು.

1948ರ ಫಾರ್ಮಸಿ ಕಾಯ್ದೆ ಈ ಕೆಲಸವನ್ನು ನೋಂದಾಯಿತ ಫಾರ್ಮಾಸಿಸ್ಟರಿಗೇ ವಹಿಸಿದೆ. ಅವರ ಪ್ರಮಾಣಪತ್ರ ಗೋಡೆಗೆ ನೇತುಬಿದ್ದು ಅವರೇ ಅಂಗಡಿಯಲ್ಲಿ ಇಲ್ಲದಿದ್ದರೆ ಮೇಲೆ ಹೇಳಿದ್ದೆಲ್ಲ ಗಾಳಿಗೆ ಹೋಯಿತು. ಆ ರೂಢಿಯನ್ನು ನಾವು ಸಹಿಸಿಕೊಂಡಿರುವುದು ಸರಿಯಲ್ಲ. ಬರೆದ ಔಷಧದ ಬದಲು ಬೇರೊಂದನ್ನು ಫಾರ್ಮಾಸಿಸ್ಟರೂ ತಮ್ಮಷ್ಟಕ್ಕೆ ಕೊಡಲು ನಿಯಮದಲ್ಲಿ ಅವಕಾಶವಿಲ್ಲ. ಹುಬ್ಬಳ್ಳಿಯ ಚೀಟಿಯಲ್ಲಿರುವ ಗುಳಿಗೆ ಹಿರೇಕೆರೂರಿನಲ್ಲಿ ಸಿಗದಿದ್ದಾಗ ‘ಡಾಕ್ಟರಿಗೆ ಫೋನ್ ಹಚ್ಚಿ ಕೇಳತೀನಿ, ಕುಂದರ್ರಿ’ ಎನ್ನುವವರು ಗಿರಾಕಿ ಕೈತಪ್ಪಿದರೂ ಸರಿ ಎಂದು ಕೆಲಸ ಮಾಡುವವರು. 2016ರಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು ಔಷಧದ ಜೆನೆರಿಕ್ ಹೆಸರನ್ನು ಓದಲು ಬರುವಂತೆ, ಆದಷ್ಟೂ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ವೈದ್ಯರಿಗೆ ಹೇಳಿತು. ಅದನ್ನು ಎಲ್ಲರೂ ಪಾಲಿಸಿದರೆ ಈ ಫೋನುಗಳು ಅರ್ಧಕ್ಕರ್ಧ ಇಳಿದಾವು.

ಅಂಗಡಿಗೆ ಹೋಗುವವರು ಹಳೆಯ ಸ್ಟ್ರಿಪ್ಪುಗಳನ್ನು ಚೀಟಿಯ ಜೊತೆ ಒಯ್ದರೆ ಆ ತಾಳೆ ಸುಲಭವಾಗುತ್ತದೆ. ಬೇರೆ ಯಾವ ಗುಳಿಗೆ ನಡೆದಿದೆ, ಯಾವುದು ಹಿಂದೆ ಮೈಗೆ ಒಗ್ಗಿರಲಿಲ್ಲ ಎಂಬುದನ್ನು ಅಂಗಡಿಯವರು ಕೇಳದಿದ್ದರೂ ಹೇಳಬೇಕು. ಬ್ಯಾಚ್ ನಂಬರು ಇರುವ ಬಿಲ್ಲು ಪಡೆದು ಇಟ್ಟುಕೊಳ್ಳಬೇಕು. ಔಷಧದಿಂದ ತೊಂದರೆಯಾದ ಅನುಮಾನ ಬಂದರೆ ಮೊದಲು ವೈದ್ಯರ ಬಳಿಗೆ ಓಡಬೇಕು. ಆಮೇಲೆ 2010ರಿಂದ ನಡೆದಿರುವ ರಾಷ್ಟ್ರೀಯ ಔಷಧ ನಿಗಾ ಕಾರ್ಯಕ್ರಮದ ಉಚಿತ ಸಂಖ್ಯೆ 1800-180-3024ಕ್ಕೆ ತಿಳಿಸಬಹುದು. ಅಂಗಡಿಯವರೂ ತಿಳಿಸಬಹುದು, ರೋಗಿಯ ಮನೆಯವರೂ ತಿಳಿಸಬಹುದು.