ಹೊಕ್ಕುಳಿನಿಂದ ತೋಳಿಗೆ

ಹುಚ್ಚುನಾಯಿ ಕಡಿದವನಿಗೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಚುಚ್ಚುವರೆಂಬ ಮಾತು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸೀಮೆಯ ಹಿರಿಯರ ಬಾಯಲ್ಲಿ ಇಂದಿಗೂ ಸಂಪೂರ್ಣವಾಗಿ ಅಳಿದಿಲ್ಲ. ಆ ಚಿಕಿತ್ಸೆಯೇ ನಿಂತು ಎರಡು ದಶಕಗಳು ಸಂದಿದ್ದರೂ ಅದರ ಭೀತಿ ಅದಕ್ಕಿಂತಲೂ ದೀರ್ಘಾಯುವಾಗಿದೆ. ಭೀತಿಯಾದರೋ ನಿರಾಧಾರವಾದುದಲ್ಲ.

1911ರಲ್ಲಿ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ರೂಪಿಸಿದ ಲಸಿಕೆಯು, ರೇಬೀಸ್ ವಿಷಾಣುವನ್ನು ಕುರಿಯ ಮಿದುಳಿನಲ್ಲಿ ಬೆಳೆಸಿ, ಆ ಮಿದುಳನ್ನೇ ಅರೆದು, ಫಿನಾಲಿನಿಂದ ವಿಷಾಣುವನ್ನು ನಿಷ್ಕ್ರಿಯಗೊಳಿಸಿ ಪಡೆದ ದ್ರವವಾಗಿತ್ತು. ಸತ್ತ್ವ ಅಲ್ಪವಾದುದರಿಂದ ಪ್ರಮಾಣ ಹೆಚ್ಚಬೇಕಾಯಿತು; ವಯಸ್ಕನಿಗೆ ದಿನವೊಂದಕ್ಕೆ 5 ಮಿಲಿಲೀಟರಿನವರೆಗೂ ಏರುತ್ತಿದ್ದ ಆ ದ್ರವಕ್ಕೆ ಎಡೆಗೊಡಬಲ್ಲ ಸಡಿಲ ಚರ್ಮ ಉದರದಲ್ಲಲ್ಲದೆ ಅನ್ಯತ್ರ ಸುಲಭವಾಗಿ ದೊರೆಯದಾದುದರಿಂದ ಹೊಟ್ಟೆಯನ್ನೇ ಆಶ್ರಯಿಸಬೇಕಾಯಿತು. ನಿನ್ನೆಯ ಊತ ಇಳಿಯುವ ಮುನ್ನವೇ ಇಂದಿನ ಸೂಜಿ! ಇದಕ್ಕೂ ಮಿಗಿಲಾಗಿ, ಲಸಿಕೆಯಲ್ಲಿದ್ದ ಕುರಿಯ ನರದ್ರವ್ಯವನ್ನು ಎದುರಿಸಹೊರಟ ದೇಹ ತನ್ನ ನರಗಳ ಮೇಲೆಯೇ ತಿರುಗಿಬಿದ್ದು, ಕೆಲವರ ಅಂಗಾಂಗಗಳು ಸ್ವಾಧೀನ ತಪ್ಪುತ್ತಿದ್ದುದೂ ಉಂಟು.

ಆದುದರಿಂದ ನೋವಿನ ನಿವಾರಣೆ ಸೀಸೆಯೊಳಗಿನ ವಸ್ತುವಿನಿಂದಲೇ ಆರಂಭವಾಗಬೇಕಾಯಿತು. ಪ್ರಯೋಗಶಾಲೆಯ ಜೀವಕೋಶಗಳಲ್ಲಿ ವಿಷಾಣುವನ್ನು ಬೆಳೆಸಿ ಶುದ್ಧೀಕರಿಸಿದ ಲಸಿಕೆಗಳು ಬಂದ ಮೇಲೆ ತೋಳಿನ ಸ್ನಾಯುವಿಗೆ ಐದು ಚುಚ್ಚುಗಳು ಸಾಕಾದವು. ಆದರೆ ಅವುಗಳ ಬೆಲೆ ಬಡವನ ಕೈಗೆಟುಕದಷ್ಟಿತ್ತು. ಉಳ್ಳವನು ಹಣ ತೆತ್ತು ತೋಳೊಡ್ಡಿದನು. ಇಲ್ಲದವನು ಸರ್ಕಾರಿ ಆಸ್ಪತ್ರೆಯಲ್ಲಿ ಹೊಟ್ಟೆಯನ್ನೇ ಒಡ್ಡಿದನು. ನೋವಿಗೂ ಬಡತನಕ್ಕೂ ಇರುವ ನಂಟು ಇಷ್ಟು ನಿರ್ಲಜ್ಜವಾಗಿ ಬಯಲಾದ ಪ್ರಸಂಗಗಳು ವೈದ್ಯಚರಿತ್ರೆಯಲ್ಲಿ ವಿರಳವೆಂದೇ ನನ್ನ ಅಭಿಪ್ರಾಯ.

ಈ ಕಗ್ಗಂಟನ್ನು ಬಿಡಿಸಿದ್ದು ಚರ್ಮ. ರೋಗನಿರೋಧಕ ಕೋಶಗಳು ದಟ್ಟವಾಗಿರುವ ತೊಗಲಿನ ಪದರದೊಳಕ್ಕೆ 0.1 ಮಿಲಿಲೀಟರು ಲಸಿಕೆ ಸೇರಿಸಿದರೂ ಸಾಕೆಂಬುದನ್ನು ಥಾಯ್ ರೆಡ್‌ಕ್ರಾಸ್‌ನ ವೈದ್ಯರು ಮೊದಲೇ ತೋರಿಸಿದ್ದರು. ನಮ್ಮ ಜನರಲ್ಲಿ, ನಮ್ಮಲ್ಲಿ ದೊರೆಯುವ ಲಸಿಕೆಗಳಿಂದಲೂ ಅದು ಫಲಿಸುವುದೇ ಎಂಬುದನ್ನು ಪರೀಕ್ಷಿಸಿದವರಲ್ಲಿ ಬೆಂಗಳೂರಿನ ಕೆಂಪೇಗೌಡ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಡಾ. ಎಂ.ಕೆ. ಸುದರ್ಶನ್ ಮತ್ತವರ ಸಹೋದ್ಯೋಗಿಗಳೂ, ನಿಮ್ಹಾನ್ಸ್‌ನ ಡಾ. ಎಸ್.ಎನ್. ಮಧುಸೂದನ ಅವರೂ ಪ್ರಮುಖರು. ರಕ್ತದ ಪ್ರತಿ ಮಿಲಿಲೀಟರಿನಲ್ಲಿ ರಕ್ಷಕಾಂಶ 0.5 ಅಂತರರಾಷ್ಟ್ರೀಯ ಘಟಕವನ್ನು ಮುಟ್ಟುವುದೇ ಅವರ ಒರೆಗಲ್ಲು. 2004ರ ಅಂತ್ಯಕ್ಕೆ ಕುರಿಮಿದುಳಿನ ಲಸಿಕೆ ದೇಶದಲ್ಲಿ ನಿಂತಿತು. 2006ರ ಫೆಬ್ರವರಿಯಲ್ಲಿ ಚರ್ಮದೊಳಗಿನ ವಿಧಾನಕ್ಕೆ ಕೇಂದ್ರದ ಔಷಧ ನಿಯಂತ್ರಕರ ಸಮ್ಮತಿ ದೊರೆಯಿತು. ಹಾಸನ ವೈದ್ಯಕೀಯ ವಿಜ್ಞಾನ ಸಂಸ್ಥೆ ಆರಂಭವಾದುದೂ ಆ ವರ್ಷವೇ. ಅಲ್ಲಿ ವೈದ್ಯವಿದ್ಯೆ ಕಲಿತವರಿಗೆ ಹೊಕ್ಕುಳ ಸುತ್ತಿನ ಚಿಕಿತ್ಸೆ ಕೇವಲ ಕೇಳಿದ ಕಥೆ.

ಈ ವಿಧಾನದಲ್ಲಿ ಮೊದಲ ದಿನ, ಅದಾದ ಮೇಲೆ ಮೂರನೆಯ, ಏಳನೆಯ, ಇಪ್ಪತ್ತೆಂಟನೆಯ ದಿನ, ಪ್ರತಿ ಸಲವೂ ಎರಡು ತೋಳುಗಳಿಗೆ ಒಂದೊಂದು ಚುಚ್ಚು. ಒಟ್ಟು ದ್ರವ ಒಂದು ಮಿಲಿಲೀಟರೂ ಆಗದು. ಸೂಜಿ ಸಣ್ಣದು, ಏಳುವ ಗುಳ್ಳೆಯೂ ಕ್ಷಣಿಕ. ತುಸು ಕೆಂಪೂ ತುರಿಕೆಯೂ ಸ್ನಾಯುವಿನ ಚುಚ್ಚಿಗಿಂತ ಹೆಚ್ಚೆಂಬುದನ್ನು ಮರೆಮಾಚಬೇಕಾಗಿಲ್ಲ.

ನಿಜವಾದ ನೋವು ಉಳಿದಿರುವುದು ಬೇರೆಡೆ. ಆಳವಾದ ಕಡಿತಕ್ಕೆ ಲಸಿಕೆಯ ಜೊತೆಗೆ ಸಿದ್ಧ ರಕ್ಷಕಾಂಶವಾದ ಇಮ್ಯುನೋಗ್ಲಾಬ್ಯುಲಿನ್ನನ್ನು ಗಾಯದೊಳಗೂ ಸುತ್ತಲೂ ತುಂಬತಕ್ಕದ್ದು. ಮಿಕ್ಕುದನ್ನು ದೂರದ ಸ್ನಾಯುವಿಗೆ ಚುಚ್ಚುವುದು ಹಿಂದಿನ ರೂಢಿ. ಗಾಯಕ್ಕೆ ಹಿಡಿಯುವಷ್ಟೇ ಸಾಕೆಂದು ಶಿಮ್ಲಾದ ಡಾ. ಓಮೇಶ್ ಭಾರತಿ ತಮ್ಮ ಅನುಭವದಿಂದ ತೋರಿಸಿದರು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನಿರ್ದೇಶವೂ ಅದೇ ದಾರಿ ಹಿಡಿಯಿತು. ಹೀಗೆ ಒಂದು ಚುಚ್ಚು ಕಳೆಯಿತು. ಗಾಯದೊಳಗಿನದು ಮಾತ್ರ ಈಗಲೂ ನೋಯುತ್ತದೆ, ಬೆರಳ ತುದಿ ಕಡಿಸಿಕೊಂಡ ಮಗುವಿಗಂತೂ ವಿಶೇಷವಾಗಿ.